ಸಾರಿಗೆ ಬೆರೆಸಿದ ಪುಡಿ

ಫಿಟ್ಸಿನ ಮಾತ್ರೆಯನ್ನು ಗಂಡ ತಾನೇ ನೆನಪಿಟ್ಟು ನುಂಗುತ್ತಿದ್ದ. ಕುಡಿತ ಬಿಡಿಸುವ ಮಾತ್ರೆಯನ್ನು ಮಾತ್ರ ಅವಳು ಕುಟ್ಟಿ ಪುಡಿ ಮಾಡಿ, ಯುಗಾದಿಯಿಂದ ದಿನವೂ ಅವನ ಸಾರಿಗೆ ಬೆರೆಸುತ್ತಿದ್ದಳು, ಅವನಿಗೆ ಗೊತ್ತಾಗದಂತೆ.

ಮೂರನೇ ವಾರಕ್ಕೆ ಅವನ ಕಾಲು ತಡವರಿಸಿತು, ನಾಲಿಗೆ ತೊದಲಿತು.

"ಮತ್ತೆ ಕುಡ್ದು ಬಂದ್ರಾ?"

"ಹಬ್ಬದಿಂದ ಒಂದು ತೊಟ್ಟೂ ಮುಟ್ಟಿಲ್ಲ ಕಣೇ."

ಇಂಥ ಮಾತನ್ನು ಅವಳು ಹನ್ನೆರಡು ವರ್ಷದಿಂದ ಕೇಳಿದ್ದಳು. ಈಗ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಮರುದಿನದಿಂದ ಒಂದು ಚಿಟಿಕೆಯ ಬದಲು ಎರಡು ಹಾಕಿದಳು. ಆ ವಾರವೇ ಅವನು ಬಚ್ಚಲಲ್ಲಿ ಬಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ರಕ್ತದ ರಿಪೋರ್ಟು ನೋಡಿದರು.

"ಇವರು ಕುಡ್ದಿಲ್ಲಮ್ಮ. ಫಿಟ್ಸ್ ಮಾತ್ರೆ ಮೈಯಿಂದ ಹೊರಗೆ ಹೋಗದೆ ರಕ್ತದಲ್ಲೇ ಏರ್ತಾ ಬಂದಿದೆ, ಅದಕ್ಕೇ ಈ ತೂರಾಟ. ಬೇರೆ ಯಾವುದೋ ಔಷಧಿ ಅದನ್ನ ತಡೀತಿದೆ. ಇನ್ನೇನು ತಗೋತಿದಾರೆ?"

ಮಂಚದ ಮೇಲಿದ್ದ ಗಂಡನೇ ತೊದಲುತ್ತ ಹೇಳಿದ:

"ಸಾರಿಗೆ ಪುಡಿ ಹಾಕ್ತಾಳೆ ಡಾಕ್ಟ್ರೇ, ಮೊದಲನೇ ದಿನವೇ ನೋಡಿದ್ದೆ. ಬಿಟ್ಟಿದೀನಿ ಅಂದ್ರೆ ನನ್ನನ್ನ ನಂಬ್ತಿರಲಿಲ್ಲ. ಆ ಪುಡೀನಾದ್ರೂ ನಂಬ್ಲಿ ಅಂತ ಉಣ್ತಿದ್ದೆ."