ಮಂಗಳವಾರದ ಪಾಳಿ

ಬಾಗಿಲು ತೆರೆದವಳ ನಗು ದಾನೇಶ್ವರಿಗೆ ರಸ್ತೆಯ ಈಚೆಯಿಂದಲೂ ಕಂಡಿತು.

“ಹೋದ ವಾರ ಯಾಕ ಬರಲಿಲ್ರಿ ಪ್ರಸಾದವ್ರ? ನೀವಿಲ್ದ ಮನಿ ಮನಿ ಹಂಗ ಅನಸೂದಿಲ್ಲ. ಬರ್ರಿ, ನಮ್ಮವ್ರು ಧಾರವಾಡಕ್ಕ ಹೋಗ್ಯಾರ. ಸಾವಕಾಶ ಮಾಡ್ರಿ.”

ಪ್ರಸಾದ ಬೂಟು ಬಿಚ್ಚಿ, ಡೆಮೊ ಮಷೀನಿನ ಚೀಲ ಹೊತ್ತು ಒಳಗೆ ಹೋದ. ಬಾಗಿಲು ಮುಚ್ಚಿತು. ಕಿಟಕಿಯೂ ಮುಚ್ಚಿತು.

ಖಾನಾಪುರದ ಆ ಓಣಿಯಲ್ಲಿ, ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತ ದಾನೇಶ್ವರಿ ಸೆರಗನ್ನು ಇನ್ನಷ್ಟು ಮುಂದೆಳೆದುಕೊಂಡಳು. ಬೆಳಗಾವಿಯಿಂದ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು, ಗಂಡನ ತಲೆಯನ್ನೇ ನೋಡುತ್ತ ಬಂದಿದ್ದಳು.

ಅನುಮಾನ ಹುಟ್ಟಿಸಿದ್ದು ಹೆಣ್ಣಲ್ಲ, ದುಡ್ಡು. ಉದ್ಯಮಬಾಗದ ಕಾರ್ಖಾನೆಯ ಕೆಲಸ ಹೋದ ಮೇಲೆ ಪ್ರಸಾದ ಮನೆಮನೆಗೆ ವ್ಯಾಕ್ಯೂಮ್ ಕ್ಲೀನರ್ ಮಾರಲು ಹೊರಟಿದ್ದ. ಸಂಬಳವಿಲ್ಲ, ಮಾರಿದರೆ ಕಮಿಷನ್. ತಲೆಯ ಮೇಲೆ ಸಾಹೇಬನಿಲ್ಲ ಎಂದು ಹಿಗ್ಗಿದವನೂ ಅವನೇ. ಮಾರಿದ ದಿನ ಕುಂದಾ ತರುತ್ತಿದ್ದ. ಮಾರದ ತಿಂಗಳು ಮಾತೇ ಇಲ್ಲ. ಆ ದುಡ್ಡಿನ ಗುಣವೇ ಹಾಗೆ. ಬಂದರೆ ಮಲಪ್ರಭೆಯ ನೆರೆ, ಇಲ್ಲದಿದ್ದರೆ ಅದೇ ಹೊಳೆಯ ಬರಿ ಮರಳು.

ಆದರೆ ದೀಪಾವಳಿಯಿಂದೀಚೆ ಅದು ಶನಿವಾರ ಶನಿವಾರ ಅಳೆದಿಟ್ಟಂತೆ ಒಂದೇ ಸಮ ಬರುತ್ತಿತ್ತು. ಅಂಗಿಯಲ್ಲಿ ಬೇರೆ ಮನೆಯ ಸಾಬೂನಿನ ವಾಸನೆ. ಬೆಳಿಗ್ಗೆ ಕಟ್ಟಿದ ಟೈ ಸಂಜೆ ಜೇಬಿನಲ್ಲಿ. ಪ್ಯಾಂಟಿನ ಮಂಡಿ ಮಾತ್ರ ಸವೆದು ಬೆಳ್ಳಗೆ.

“ಇವತ್ತ ಎಷ್ಟ ಮಾರಿದ್ರಿ?” ಎಂದರೆ, “ಏನೋ ನಡದೈತಿ ಬಿಡ” ಎನ್ನುತ್ತಿದ್ದ, ಮುಖ ನೋಡದೆ.

ಡೆಮೊ ಎಂದರೆ ಹತ್ತು ನಿಮಿಷ. ಮಷೀನಿನ ಸದ್ದು ನಿಂತು ಬಹಳ ಹೊತ್ತಾಗಿತ್ತು. ದಾನೇಶ್ವರಿ ರಸ್ತೆ ದಾಟಿ ಬಾಗಿಲು ಬಡಿದಳು.

“ಮಷೀನ್ ಮಾರೋರು ಇಲ್ಲಿ ಬಂದಾರೇನ್ರಿ?”

ಮನೆಯೊಡತಿ ಮಾಯಕ್ಕ ನಾಚಲೂ ಇಲ್ಲ, ಬೆಚ್ಚಲೂ ಇಲ್ಲ. “ನೀವೂ ಅವರ್ನ ಹುಡಕ್ಕೊಂಡ ಬಂದ್ರ್ಯಾ? ಮಂಗಳವಾರ ನನ್ನ ಪಾಳಿ ನೋಡ್ರಿ. ಬುಧವಾರ ಬೀಡಿ ಊರಾಗ ನಮ್ಮ ತಂಗಿ ಕಡೆ ಹೋಗ್ತಾರ. ಅಕಿಗೂ ಒಮ್ಮಿ ರುಚಿ ಹತ್ತಿತು, ಈಗ ಬಿಡವಲ್ಲಳು!”

ದಾನೇಶ್ವರಿಯ ಕೈ ಚಪ್ಪಲಿಯತ್ತ ಇಳಿಯಿತು.

“ಒಂದ ಮಾತ ಹೇಳ್ತೀನಿ ಅಕ್ಕಾರ,” ಮಾಯಕ್ಕ ದನಿ ತಗ್ಗಿಸಿದಳು. “ಮಷೀನ್ ಕೊಳ್ಳಬ್ಯಾಡ್ರಿ. ನಾವ್ಯಾರೂ ಕೊಂಡಿಲ್ಲ. ವಾರಕ್ಕಿಷ್ಟಂತ ಕೊಟ್ಟು ಅವರ್ನ ಕರಸ್ರಿ.”

ಮಾಯಕ್ಕನ ಭುಜದಾಚೆ ಗೂಟಕ್ಕೆ ಟೈ ನೇತಾಡುತ್ತಿತ್ತು. ಮನೆಯಲ್ಲಿ ತಾನುಂಡ ತಟ್ಟೆಯನ್ನೂ ಎತ್ತದ ಪ್ರಸಾದ, ಯಾರೋ ಮಂಡಿಗೆಂದು ಮಡಿಚಿ ಹಾಕಿಕೊಟ್ಟ ಕೌದಿಯ ಮೇಲೆ ಮಂಡಿಯೂರಿ, ಮಂಚದ ಕೆಳಗಿನ ನೆಲವನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸುತ್ತಿದ್ದ.

ಅವನು ತಿರುಗುವ ಮೊದಲೇ ದಾನೇಶ್ವರಿ ಮೆಟ್ಟಿಲಿಳಿದಿದ್ದಳು. “ನಾ ಬಂದಿದ್ದೆ ಅಂತ ಅವರಿಗೆ ಹೇಳಬ್ಯಾಡ್ರಿ.”