ಹೊಳೆ ದಾಟದ ವೈನು

ಚಂದ್ರೇಗೌಡರ ನೆಲಮಾಳಿಗೆಯಲ್ಲಿ ಕ್ಯಾಬರ್ನೆ ದ್ರಾಕ್ಷಿಯ ಕೆಂಪು ವೈನು, ಒಂದಿಷ್ಟು ಶಿರಾಜ್ ದ್ರಾಕ್ಷಿಯದನ್ನೂ ಬೆರೆಸಿಕೊಂಡು, ವರ್ಷಗಟ್ಟಲೆ ಕಾವ್ಯವಾಚನ ಕೇಳುತ್ತ ಮಾಗಿತ್ತು. ಯಾರ ಪೀಪಾಯಿಯ ವೈನಾದರೂ ಮಾಗುವುದು ಹಾಗೆಯೇ. ಅದು ಕೇಳಿದ್ದೆಲ್ಲ ಕುಡಿದವರ ಎದೆಗಿಳಿಯುತ್ತದೆ. ರುಚಿ ನೋಡಿ ಒಪ್ಪಿಗೆಯ ಮೊಹರು ಒತ್ತಲು ಬಂದ ತಿರುಮಲಾಂಬ ಬಾಯಿ ಮುಕ್ಕಳಿಸಿ, ಲೋಟಕ್ಕೆ ಕೈಮುಗಿದು, ಒಂದು ಗುಟುಕು ತೆಗೆದುಕೊಂಡರು. ವಾಚನ ಕೇಳಿದ ವೈನನ್ನು ಬೇರೆ ಪರೀಕ್ಷಕರಂತೆ ರುಚಿ ನೋಡಿ ಉಗುಳುವುದು ಅವರಿಂದಾಗದು.

ಮೊದಲು ನೇರಳೆ ಹಣ್ಣು, ಆಮೇಲೆ ದೇವದಾರು. ಒಗರು ಹದವಾಗಿ ಮೆತ್ತಗಾಗಿತ್ತು. ಭೇಷ್ ಎನ್ನಬೇಕು, ಅಷ್ಟರಲ್ಲಿ ವೈನು ಕೇಳಿದ್ದ ಕಾವ್ಯದೊಳಗಿನ, ಕಾಡುಪಾಲಾದ ರಾಣಿ ಹಸುಗೂಸನ್ನು ಅವಚಿಕೊಂಡು ತುಂಬಿದ ಹೊಳೆಯ ಮುಂದೆ ನಿಂತಳು. ದೋಣಿ ಬರಲೇ ಇಲ್ಲ. ಗುಟುಕು ಇಳಿದ ಮೇಲೂ ನಾಲಿಗೆಯ ಮೇಲೆ ರಾಣಿಯ ದುಃಖ ಹಾಗೇ ಉಳಿಯಿತು.

"ಗೌಡರೇ, ಓದು ಎಲ್ಲಿಗೆ ನಿಲ್ಲಿಸಿದಿರಿ?"

"ಹೊಳೆ ದಡಕ್ಕೇ ಅಮ್ಮಾ. ನಾಳೆ ಮದುವೆ ಮನೆಗೆ ಕಳಿಸ್ಬೇಕಲ್ಲ, ಗಮಕಿಗಳಿಗೆ ಸಾಕು ಅಂದೆ. ಕುಡಿಯೋರು ಕಥೆ ಕೇಳ್ತಾರಾ?"

ತಿರುಮಲಾಂಬರ ಮೈ ಉರಿಯಿತು. "ಸಂಕಟದಲ್ಲಿ ಓದು ನಿಲ್ಲಿಸಬಾರದು ಅಂತ ನಮ್ಮನೆ ಮಕ್ಕಳಿಗೂ ಗೊತ್ತು! ಒಲೆ ಮೇಲೆ ಹಾಲು ಉಕ್ಕಿದರೂ ನಮ್ಮಜ್ಜಿ ಏಳದೆ ಮಂಗಳದ ಪದ್ಯ ಮುಟ್ಟಿಸ್ತಿದ್ದರು. ತಾಳಿ ಕಟ್ಟಿಸಿಕೊಂಡ ಹುಡುಗಿಗೆ ಮೊದಲ ಗುಟುಕಲ್ಲೇ ಕಾಡು ತೋರಿಸ್ತೀರಾ?"

"ಮೊಹರು ಒಂದು ಒತ್ತಿಬಿಡಿ ತಾಯಿ. ಮೇಲೊಂದು ಲಾಡು ತಿಂದರೆ ಎಲ್ಲ ಸರಿಹೋಗುತ್ತೆ."

"ಲಾಡು ನೀವೇ ತಿನ್ನಿ!"

ಮೊಹರನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು, ಪೀಪಾಯಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು. ಗಮಕಿಗಳು ಬಿಟ್ಟಲ್ಲಿಂದ ಮುಂದಿನ ಪದ್ಯಗಳು ಅವರಿಗೆ ಬಾಯಿಪಾಠವಿದ್ದವು. ಸಿಟ್ಟಿಗೆ ಮೊದಲ ಸಾಲು ನಡುಗಿತು. ಎರಡನೆಯದಕ್ಕೆ ಸ್ವರ ಕೂಡಿತು. ಏನೋ ಹೇಳಲು ಬಾಯಿ ತೆರೆದ ಗೌಡರನ್ನು ಕಣ್ಣಲ್ಲೇ ಸುಟ್ಟು ಮುಂದಕ್ಕೆ ಓದಿದರು. ಪದ್ಯದೊಳಗೆ, ರಾಣಿ ನಿಂತ ಹೊಳೆಯ ಆಚೆ ದಡದಲ್ಲಿ ಯಾರೋ ದೋಣಿಯ ಹಗ್ಗ ಬಿಚ್ಚುತ್ತಿದ್ದರು.