ಹುರಿದ ಕಾಳಿಗೆ ನೀರು

ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ಓದಿ ಮುಗಿಸಬಹುದಾದ ಕಥೆ ಇದು...

ಮೈಸೂರಿನ ಒಂದು ಬಡಾವಣೆ. ಪಾರ್ಕಿನ ಪಕ್ಕ ವರ್ಷಗಟ್ಟಲೆ ಕಳೆ ಬೆಳೆದು ಬಿದ್ದಿದ್ದ ಜಾಗವನ್ನು ನಿವಾಸಿಗಳ ಸಂಘದವರು ಕ್ಲೀನ್ ಮಾಡಿಸಿ, ಇಪ್ಪತ್ತನಾಲ್ಕು ಪಾತಿ ಮಾಡಿದರು. ಮನೆಗೊಂದು ಪಾತಿ, ತರಕಾರಿ ಬೆಳೆದುಕೊಳ್ಳಿ ಅಂತ.

ಕೇಳಿದವರು ಜಾಸ್ತಿ... ಚೀಟಿ ಎತ್ತಿದರು. ಒಂಬತ್ತನೇ ನಂಬರ್ ಪಾತಿ, ಎಲ್ಲರಿಗಿಂತ ಮೊದಲೇ ಹೆಸರು ಬರೆಸಿದ್ದ ಚಿಕ್ಕತಾಯಮ್ಮನವರಿಗೆ ಬಂತು.

ಅಷ್ಟು ಹೊತ್ತಿಗೆ ಚಿಕ್ಕತಾಯಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

ಮಗಳು ನಳಿನಾ ಹೈಸ್ಕೂಲ್ ಟೀಚರ್. ಅಮ್ಮ ಹೋದ ದಿನ ಅವಳಿಗೆ ಅಳು ಬರಲಿಲ್ಲ. ತಿಥಿಯ ದಿನವೂ ಬರಲಿಲ್ಲ... ಬಂದವರಿಗೆ ಬಡಿಸುತ್ತಾ ಓಡಾಡಿದಳು.

ಹಲ್ಲಿನ ಡಾಕ್ಟರ್ ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಮರಗಟ್ಟುತ್ತದಲ್ಲ, ಹಾಗೆ. ಮುಟ್ಟಿದರೆ ಕೈಗೆ ಸಿಗುತ್ತದೆ... ಆದರೆ ತನ್ನದು ಅನ್ನಿಸುವುದಿಲ್ಲ.

ಅಡುಗೆ, ಸ್ಕೂಲು, ಪೇಪರ್ ತಿದ್ದುವುದು, ನಿದ್ದೆ. ಎಲ್ಲ ನಡೆಯುತ್ತಿತ್ತು. ಅವಳಿಗಿದ್ದದ್ದು ಒಂದೇ ಚಿಂತೆ, ಅಪ್ಪ.

ಅಪ್ಪ ಮರಿಸ್ವಾಮಿ, ರಿಟೈರ್ ಆದ ಬಸ್ ಡ್ರೈವರ್. ಬೆಳಗ್ಗೆ ಕುರ್ಚಿಯಲ್ಲಿ ಕೂತರೆ ಕೂತರು. ಹೀಗೇ ಬಿಟ್ಟರೆ ಇವರೂ ಕೈ ತಪ್ಪುತ್ತಾರೆ ಅಂತ ಅವಳಿಗೆ ಭಯ.

"ಅಪ್ಪ, ಅಮ್ಮನ ಹೆಸರಿಗೆ ಪಾತಿ ಬಂದಿದೆ. ನಲವತ್ತು ದಿನದೊಳಗೆ ಹಸಿರು ಕಾಣಿಸದಿದ್ರೆ ಬೇರೆಯವರಿಗೆ ಕೊಡ್ತಾರಂತೆ. ಏಳು, ಹೋಗೋಣ."

ಅಡುಗೆಮನೆಯಿಂದ ಅಮ್ಮನ ಸ್ಟೀಲ್ ಡಬ್ಬಿಗಳನ್ನೆಲ್ಲ ಬ್ಯಾಗಿಗೆ ತುಂಬಿಕೊಂಡಳು. ಮೆಂತ್ಯ, ಧನಿಯಾ, ಹೆಸರುಕಾಳು, ಅಲಸಂದೆ. ಅಮ್ಮನ ಕೈ ಮುಟ್ಟಿದ ಕಾಳೇ ಅಮ್ಮನ ಪಾತಿಯಲ್ಲಿ ಬೆಳೆಯಲಿ ಅಂತ.

ಅಪ್ಪ ಡಬ್ಬಿಗಳನ್ನು ನೋಡಿದರು... ಅವಳ ಮುಖ ನೋಡಿದರು... ಚಪ್ಪಲಿ ಮೆಟ್ಟಿದರು.

ಇಬ್ಬರೂ ಮಣ್ಣು ಅಗೆದರು, ಹೆಂಟೆ ಒಡೆದರು, ಗೊಬ್ಬರ ಸೇರಿಸಿದರು. ಅಪ್ಪ ದಾರ ಹಿಡಿದು ಸಾಲು ಎಳೆದರು, ಮಗಳು ಕಾಳು ಹಾಕಿದಳು. ಆಮೇಲೆ ದಿನಾ ಬೆಳಗ್ಗೆ ಆರಕ್ಕೆ ತಲಾ ಎರಡು ಬಕೆಟ್ ನೀರು.

ನಾಲ್ಕನೇ ದಿನಕ್ಕೆ ಪಕ್ಕದ ಪಾತಿಯ ರೋಸ್ಲಿನ್ ಆಂಟಿಯ ಮೆಂತ್ಯ ತಲೆ ಎತ್ತಿತು. ಇವರದ್ದು ಬರೀ ಮಣ್ಣು.

ಹತ್ತು ದಿನ... ಇಪ್ಪತ್ತು ದಿನ... ಬರೀ ಮಣ್ಣು.

"ಏನ್ ಮರಿಸ್ವಾಮಣ್ಣ, ಪಾತಿಗೆ ಸ್ನಾನ ಮಾಡಿಸೋದೇ ಆಯ್ತು. ಊಟಕ್ಕೆ ಯಾವಾಗ ಕರೀತೀರ?" ರೋಸ್ಲಿನ್ ಆಂಟಿ ಕಾಲೆಳೆದರು.

"ಕರೀತೀನಿ ಕಣಮ್ಮ. ನೀವು ಮನೇಲಿ ಉಂಡ್ಕೊಂಡೇ ಬನ್ನಿ," ಅಂದರು ಅಪ್ಪ.

ಇಪ್ಪತ್ತೈದನೇ ದಿನ ನಳಿನಾ ಉಳಿದ ಕಾಳನ್ನು ಇನ್ನೊಂದು ಸಲ ಬಿತ್ತಲು ತಂದಳು. ರೋಸ್ಲಿನ್ ಆಂಟಿ ಡಬ್ಬಿಯಿಂದ ಒಂದು ಅಲಸಂದೆ ತೆಗೆದು ಬಾಯಿಗೆ ಹಾಕಿಕೊಂಡರು. ಕಟುಂ ಅಂತು.

"ಅಯ್ಯೋ ಮಗು, ಇದು ಹುರಿದ ಕಾಳು. ಇದೆಲ್ಲಿ ಮೊಳಕೆ ಬರುತ್ತೆ?"

ಆಗ ನಳಿನಾಗೆ ನೆನಪಾಯಿತು. ಸಾಮಾನು ತಂದ ದಿನ ಅಮ್ಮ ಪ್ರತಿ ಕಾಳನ್ನೂ ಬಾಣಲೆಯಲ್ಲಿ ಬೆಚ್ಚಗೆ ಹುರಿದೇ ಡಬ್ಬಿಗೆ ತುಂಬುತ್ತಿದ್ದಳು, ಹುಳ ಹಿಡಿಯಬಾರದು ಅಂತ. ಸೌಟು ಹಿಡಿದು ತಿರುವುತ್ತಾ ನಿಲ್ಲುತ್ತಿದ್ದದ್ದು...

ಅಪ್ಪ.

"ಅಪ್ಪ... ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣವ್ವ."

"ಮತ್ತೆ ಇಪ್ಪತ್ತೈದು ದಿನ ನೀರು ಹೊತ್ಯಲ್ಲ?"

ಅಪ್ಪ ಬಕೆಟ್ ಕೆಳಗಿಟ್ಟರು.

"ನಾಲ್ಕು ತಿಂಗಳಿಂದ ನೀನು ಇದು ಬೇಕು, ಅದು ಬೇಡ ಅಂತ ಒಂದ್ ಮಾತಾಡಿರ್ಲಿಲ್ಲ. ಅವತ್ತು ನೀನಾಗೇ ಡಬ್ಬಿ ಎತ್ಕೊಂಡು ಬಂದೆ. ಹೇಳಿದ್ರೆ ಅಲ್ಲೇ ಇಟ್ಟು ಒಳಗೆ ಹೋಗ್ಬುಡ್ತಿದ್ದೆ. ಬೆಳೀದಿದ್ರೆ ಬೇಡ, ದಿನಾ ನನ್ ಜೊತೆ ಬರ್ತೀಯಲ್ಲ ಅಂತ ಸುಮ್ನಾದೆ."

"ನಾನು ಬರ್ತಿದ್ದದ್ದು ನಿನಗೋಸ್ಕರ ಅಪ್ಪ."

"ನಾನು ನಿನಗೋಸ್ಕರ."

ಮಾತೇ ನಿಲ್ಲದ ರೋಸ್ಲಿನ್ ಆಂಟಿ, ತಮ್ಮ ಪಾತಿ ಕಡೆ ತಿರುಗಿ ಕಳೆ ಕೀಳತೊಡಗಿದರು.

ಅಪ್ಪ ಹೇಳಿದರು. "ಬಚ್ಚಲಮನೆ ಮೊಳೆಗೆ ಒಂದು ಒಣ ಹೀರೇಕಾಯಿ ನೇತಾಕವ್ಳಲ್ಲ ನಿಮ್ಮಮ್ಮ... ಅದು ಮೈ ಉಜ್ಜಕ್ಕಲ್ಲ. ಪಾತಿ ಸಿಕ್ಕಿದ್ರೆ ಬೀಜಕ್ಕೆ ಅಂತ ಇಟ್ಟಿದ್ಳು. ನಂಗೆ ಒಡೆಯಕ್ಕೆ ಕೈ ಬರ್ಲಿಲ್ಲ. ನೀನೇ ಒಡಿ."

ಅವತ್ತೇ ನಳಿನಾ ಅದನ್ನು ಇಳಿಸಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಗಲಗಲ ಸದ್ದು. ಒಡೆದಳು. ನಾರಿನ ಮಧ್ಯದಿಂದ ಕಪ್ಪು ಬೀಜಗಳು ಅಂಗೈಗೆ ಉದುರಿದವು. ಹದಿನೇಳು.

ಆಗಲೂ ಅಳು ಬರಲಿಲ್ಲ.

ಮೂವತ್ನಾಲ್ಕನೇ ದಿನ, ಬೆಳಗ್ಗೆ ಆರು ಗಂಟೆ... ಒಂಬತ್ತನೇ ಪಾತಿಯ ಮಣ್ಣು ಸಣ್ಣಗೆ ಬಿರುಕು ಬಿಟ್ಟಿತ್ತು. ಒಂದು ಮೊಳಕೆ ಬಗ್ಗಿಕೊಂಡೇ ಎದ್ದು ನಿಂತಿತ್ತು. ಬೀಜದ ಕಪ್ಪು ಸಿಪ್ಪೆ ಇನ್ನೂ ಎಲೆಯ ತುದಿಯನ್ನು ಬಿಗಿಯಾಗಿ ಕಚ್ಚಿಕೊಂಡಿತ್ತು.

ಪಾಪ, ಬಿಡಿಸೋಣ ಅಂತ ನಳಿನಾ ಬೆರಳು ಚಾಚಿದಳು.

ಅಪ್ಪ ಮೆಲ್ಲಗೆ ಅವಳ ಕೈ ಹಿಡಿದರು.

"ಕೀಳಬೇಡ ಕಣವ್ವ. ಎಲೆ ಹರಿದೋಯ್ತದೆ. ಅದ್ರ ಟೈಮಿಗೆ ಅದೇ ಬಿಟ್ಕೊತದೆ... ನಾವು ನೀರು ಹಾಕ್ತಾ ಇರೋಣ."

ನಳಿನಾ ಅಲ್ಲೇ ಒದ್ದೆ ಮಣ್ಣಲ್ಲಿ ಕೂತಳು. ಮೊದಲು ಗಲ್ಲ ನಡುಗಿತು. ಆಮೇಲೆ ನಾಲ್ಕು ತಿಂಗಳದ್ದೂ, ಮೇಲಿನ ಮೂವತ್ನಾಲ್ಕು ದಿನದ್ದೂ ಒಟ್ಟಿಗೇ ಬಂತು.

ಅಪ್ಪ ಸಮಾಧಾನ ಹೇಳಲಿಲ್ಲ. ಅವಳ ಪಾಲಿನ ಎರಡು ಬಕೆಟ್ ನೀರನ್ನೂ ಅವತ್ತು ತಾವೇ ಹೊತ್ತರು.

ದುಃಖದಲ್ಲಿರುವವರಿಗೆ ಬುದ್ಧಿ ಹೇಳಬೇಕಾಗಿಲ್ಲ... ದಿನಾ ಅವರ ಜೊತೆ ಒಂದು ಬಕೆಟ್ ನೀರು ಹೊತ್ತರೆ ಸಾಕು.

ನಿಮ್ಮ ಮನೆಯಲ್ಲೂ ಯಾರೋ ನಿಮಗೋಸ್ಕರ, ಬರುವುದಿಲ್ಲ ಅಂತ ಗೊತ್ತಿದ್ದೂ, ಹುರಿದ ಕಾಳಿಗೆ ನೀರು ಹಾಕುತ್ತಿರಬಹುದು... ಇವತ್ತು ಒಮ್ಮೆ ಅವರ ಮುಖ ನೋಡುತ್ತೀರಾ?